ಸುವರ್ಣಗಡ್ಡೆಗೆ ಬೆಣ್ಣೆ

ಸುವರ್ಣಗಡ್ಡೆಯನ್ನು ಮೊದಲ ಸಲ ನೋಡಿದಾಗ ಅದು ತಿನ್ನುವ ವಸ್ತುವೆಂದು ನನಗೆ ಅನ್ನಿಸಿರಲಿಲ್ಲ. ಮದುವೆಯಾಗಿ ಸಾಗರ ತಾಲ್ಲೂಕಿನ ಈ ಹಳ್ಳಿಗೆ ಬಂದ ವರ್ಷ, 1979ರ ಡಿಸೆಂಬರ್. ಹಿತ್ತಿಲ ಬಾಗಿಲ ಹತ್ತಿರ ಮಣ್ಣು ಮೆತ್ತಿಕೊಂಡು, ಮೈಯೆಲ್ಲ ಗಂಟು ಗಂಟಾಗಿ, ಆನೆಯೊಂದು ತನ್ನ ಪಾದವನ್ನು ಅಲ್ಲಿ ಮರೆತು ಹೋದ ಹಾಗೆ ಏನೋ ಒಂದು ಕೂತಿತ್ತು. ಕಾಲೊರೆಸುವ ಕಲ್ಲಿರಬೇಕೆಂದು ತಿಳಿದು ನಾನು ಅದಕ್ಕೆ ಹಿಮ್ಮಡಿ ಉಜ್ಜಿದ್ದೂ ಉಂಟು. ಮನೆಯವರೆಲ್ಲ ನಕ್ಕರು. ನಗದೇ ಇದ್ದವರು ಮಾವ ಒಬ್ಬರೇ. "ಬಯಲುಸೀಮೆಯವಳು, ಗಡ್ಡೆ ಎಲ್ಲಿಂದ ನೋಡಬೇಕು" ಎಂದು ಹೇಳಿ ಕವಳದ ಹರಿವಾಣ ಎಳೆದುಕೊಂಡರು.

ನಾನು ದಾವಣಗೆರೆಯವಳು. ಆಗ ಅದಿನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅಪ್ಪ ಹತ್ತಿ ಗಿರಣಿಯೊಂದರಲ್ಲಿ ಗುಮಾಸ್ತರು. ನಮಗೆ ತಿಳಿದಿದ್ದ ಗಡ್ಡೆಯೆಂದರೆ ಆಲೂಗಡ್ಡೆ, ಮೂಲಂಗಿ, ಉಪವಾಸದ ದಿನ ಗೆಣಸು. ಆದರೆ ಬೆಣ್ಣೆಯ ವಿಷಯದಲ್ಲಿ ನಮಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಸುತ್ತಲ ಹಳ್ಳಿಯ ಹೆಂಗಸರು ಬುಟ್ಟಿಯಲ್ಲಿ ಮುತ್ತುಗದ ಎಲೆ ಹಾಸಿ ಬೆಣ್ಣೆ ತರುತ್ತಿದ್ದರು. ಅಮ್ಮ ಉಗುರ ತುದಿಯಷ್ಟು ಮೂಸಿ, ನಾಲಿಗೆಗೆ ತಾಗಿಸಿ, ಮುಖ ಸಿಂಡರಿಸಿ, ಬೆಲೆ ಇಳಿಸಿ, ಕೊನೆಗೆ ಕೊಳ್ಳುತ್ತಿದ್ದಳು. ಅದರಲ್ಲೊಂದು ಉಂಡೆ ಆಲೂಗಡ್ಡೆ ಪಲ್ಯಕ್ಕೆ ಮೀಸಲು. ಬೆಂದ ಆಲೂಗಡ್ಡೆಯನ್ನು ದಪ್ಪಗೆ ಹೆಚ್ಚಿ, ಬೆಣ್ಣೆಯಲ್ಲಿ ಜೀರಿಗೆ, ಹಸಿಮೆಣಸು, ಕೈತುಂಬ ಕರಿಬೇವು ಹಾಕಿ ಹುರಿದು, ಇಳಿಸಿದ ಮೇಲೆ ಕೊತ್ತಂಬರಿ ಸೊಪ್ಪು ಉದುರಿಸುವುದು. ಸಾಸಿವೆ ಇಲ್ಲ, ಈರುಳ್ಳಿ ಇಲ್ಲ, ಕಾಯಿತುರಿಯಂತೂ ಇಲ್ಲವೇ ಇಲ್ಲ. ಬಿಸಿ ರೊಟ್ಟಿಯ ಪಕ್ಕಕ್ಕೆ ಅದಿದ್ದರೆ ಅಪ್ಪ ಗಿರಣಿಯ ಸುದ್ದಿ ಮರೆತುಬಿಡುತ್ತಿದ್ದರು.

ಈ ಪಲ್ಯವನ್ನು ಗಂಡನ ಮನೆಯಲ್ಲಿ ಮಾಡಿ ತೋರಿಸಬೇಕೆಂಬ ಆಸೆ ಏಳು ತಿಂಗಳಿಂದ ನನ್ನಲ್ಲಿ ಕುದಿಯುತ್ತಿತ್ತು. ತೊಂದರೆ ಎರಡು. ಆಲೂಗಡ್ಡೆ ಬೇಕೆಂದರೆ ಸಾಗರದ ಪೇಟೆಯಿಂದ ಬರಬೇಕು. ಹಿತ್ತಿಲಲ್ಲಿ ಬೆಳೆಯದ ತರಕಾರಿಗೆ ದುಡ್ಡು ಕೊಡುವುದೆಂದರೆ ಈ ಮನೆಯಲ್ಲಿ ಅಪರಾಧ. ಇನ್ನೊಂದು, ಬೆಣ್ಣೆಯ ಮರಿಗೆ ಅತ್ತೆಯ ಸ್ವಾಧೀನದಲ್ಲಿತ್ತು. ದಿನ ಬಿಟ್ಟು ದಿನ ಬೆಳಗಿನ ತಂಪಿನಲ್ಲಿ ಅವರೇ ಕಡೆಯುವರು, ಅವರೇ ತೆಗೆದು ತೊಳೆಯುವರು, ಕಲ್ಲಿನ ಮರಿಗೆಯಲ್ಲಿ ನೀರೊಳಗೆ ತೇಲಿಬಿಟ್ಟು ಎಷ್ಟು ಉಂಡೆಯೆಂದು ಕಣ್ಣಲ್ಲೇ ಎಣಿಸಿ ಮುಚ್ಚುವರು. ವಾರಕ್ಕೊಮ್ಮೆ ಎಲ್ಲವೂ ಕಾದು ತುಪ್ಪವಾಗಬೇಕು. ಬೆಣ್ಣೆಯನ್ನು ಬೆಣ್ಣೆಯಾಗಿಯೇ ಅಡಿಗೆಗೆ ಸುರಿಯುವುದು ಅವರ ಶಾಸ್ತ್ರದಲ್ಲಿ ಇರಲಿಲ್ಲ.

ಅವಕಾಶ ಕೊನೆಕೊಯ್ಲಿನ ದಿನ ಒದಗಿತು. ಅತ್ತೆ ಮೂರು ದಿನದ 'ಹೊರಗೆ' ಕೂತಿದ್ದರು. ಅಡಿಗೆಮನೆ ನನ್ನದು, ಮರಿಗೆಯೂ ನನ್ನದು. ಕೊನೆಗೌಡ, ಅವನ ಹಗ್ಗ ಹಿಡಿಯುವವರು, ಅಡಿಕೆ ಸುಲಿಯುವ ಹೆಂಗಸರು, ನೋಡಲು ಬಂದ ನೆಂಟರಿಬ್ಬರು, ಮನೆಯವರು ಎಲ್ಲ ಸೇರಿ ಊಟಕ್ಕೆ ಹದಿನಾಲ್ಕು ಜನ. ಆಲೂಗಡ್ಡೆ ಇಲ್ಲದಿದ್ದರೇನು, ಬಾಗಿಲಲ್ಲಿ ಆನೆಪಾದವಿದೆಯಲ್ಲ! ಗಡ್ಡೆ ಅಂದಮೇಲೆ ಎಲ್ಲ ಒಂದೇ ಎಂದು ನಾನು ತೀರ್ಮಾನಿಸಿದೆ. ಚೆನ್ನಾಗಿ ತೊಳೆದು, ಒದ್ದೆ ಕೈಯಲ್ಲೇ ಸಿಪ್ಪೆ ತೆಗೆದು ಹೆಚ್ಚಿದೆ. ಒಳಗೆ ಎಂಥ ಬಣ್ಣವೆನ್ನುತ್ತೀರಿ, ಅರಿಶಿನಕ್ಕೂ ಕಿತ್ತಳೆಗೂ ನಡುವಿನದು. ಹೆಸರಿನಲ್ಲಿ ಚಿನ್ನ ಯಾಕೆ ಬಂತೆಂದು ಆಗ ತಿಳಿಯಿತು. ಮೊಣಕೈವರೆಗೆ ತುರಿಕೆ ಶುರುವಾದದ್ದನ್ನು ಸೊಳ್ಳೆಯೆಂದುಕೊಂಡೆ. ಬರೀ ನೀರಿನಲ್ಲಿ ಬೇಯಿಸಿ, ಎರಡು ಉಂಡೆ ಬೆಣ್ಣೆ ಬಾಣಲೆಗೆ ಹಾಕಿ, ಅಮ್ಮನ ಪಾಠವನ್ನು ಅಕ್ಷರ ತಪ್ಪದೆ ಒಪ್ಪಿಸಿದೆ. ಕೊತ್ತಂಬರಿ ಸಿಗಲಿಲ್ಲ; ಬಚ್ಚಲ ಪಕ್ಕ ಬೆಳೆದಿದ್ದ ದೊಡ್ಡಪತ್ರೆಯ ಎಲೆ ನಾಲ್ಕು ಹರಿದು ಹಾಕಿದೆ. ಪರಿಮಳಕ್ಕೆ ಕೊಟ್ಟಿಗೆಯ ಕರುವೂ ಕಿವಿ ನೆಟ್ಟಗೆ ಮಾಡಿರಬೇಕು. ಹೊರಗಿನ ಜಗಲಿಯಿಂದ ಅತ್ತೆಯ ದನಿ ಬಂತು: "ಬೆಣ್ಣೆ ಎಷ್ಟು ತೆಗೆದೆ?"

"ಒಂದೇ ಉಂಡೆ" ಎಂದೆ. ಬೆಣ್ಣೆಯ ವಿಷಯದಲ್ಲಿ ಈ ಮನೆಯಲ್ಲಿ ನಾನು ಆಡಿದ ಮೊದಲ ಸುಳ್ಳು ಅದು.

ಊಟದ ವಿವರ ಹೆಚ್ಚು ಬೇಡ. ಮೊದಲು ನೆಂಟರು ಗಂಟಲು ಕೆರೆದುಕೊಂಡರು. ಮರದ ತುದಿಯಲ್ಲಿ ಜೋಲಾಡುತ್ತ ಹೆದರದ ಕೊನೆಗೌಡ "ಅಮ್ಮಾ, ಹುಳಿ, ಏನಾದರೂ ಹುಳಿ" ಎಂದು ಜಗಲಿಯಿಂದ ಕೂಗಿದ. ಹುಳಿಮಜ್ಜಿಗೆಯ ಗಡಿಗೆ ಖಾಲಿಯಾಯಿತು, ಅಮಟೆಕಾಯಿ ಉಪ್ಪಿನಕಾಯಿಯ ಭರಣಿ ಅರ್ಧವಾಯಿತು. ನಮ್ಮವರು ನಾಲಿಗೆ ಹೊರಗೆ ಹಾಕಿಕೊಂಡು ಬಾವಿಕಟ್ಟೆಗೆ ಓಡಿದರು. ಬಾಳೆಲೆಯ ಮುಂದೆ ಅಲುಗದೆ ಕೂತಿದ್ದವರು ಮಾವ ಮಾತ್ರ. ಬಡಿಸಿದ್ದಷ್ಟನ್ನೂ ತಿಂದರು. ಕಣ್ಣಲ್ಲಿ ನೀರಿತ್ತು. "ಬೆಣ್ಣೆ ಹಾಕಿದ್ದು ಸರಿ. ಗಡ್ಡೆಯನ್ನ ಮೊದಲು ಮಣಿಸಬೇಕು" ಎಂದು ಹೇಳಿ ಕೈತೊಳೆಯಲು ಎದ್ದರು. ಆಮೇಲೆ ಎರಡು ದಿನ ಅವರ ಧ್ವನಿ ಬೇರೆ ಯಾರದೋ ಹಾಗಿತ್ತು.

ಮಣಿಸುವುದನ್ನು ಕಲಿಸಿದ್ದು ಅಡಿಕೆ ಸುಲಿಯಲು ಬರುತ್ತಿದ್ದ ಒಬ್ಬ ಮುದುಕಿ, ನಕ್ಕು ನಕ್ಕು ಸುಸ್ತಾದ ಮೇಲೆ. ಗಡ್ಡೆಯೊಳಗೆ ಕಣ್ಣಿಗೆ ಕಾಣದ ಸೂಜಿಗಳಿವೆಯೆಂದು ಅವಳೆಂದಳು. ಅಜ್ಜಿಕತೆಯೆಂದುಕೊಂಡೆ, ಅದು ಅಕ್ಷರಶಃ ನಿಜವೆಂದು ಎಷ್ಟೋ ವರ್ಷಗಳ ಮೇಲೆ ಓದಿದೆ. ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಾಕಾರದ ಹರಳುಗಳು ಕಂತೆ ಕಂತೆಯಾಗಿ ಇರುತ್ತವಂತೆ, ಚರ್ಮಕ್ಕೂ ನಾಲಿಗೆಗೂ ಚುಚ್ಚುವುದು ಅವೇ. ಕೆಸುವಿನ ದಂಟಿನಲ್ಲೂ ಅದೇ ಸೇನೆ. ಮುದುಕಿಯ ಕ್ರಮ ಹೀಗಿತ್ತು: ಗಿಡದ ಎಲೆ ಹಣ್ಣಾಗಿ ಬಿದ್ದ ಮೇಲೆಯೇ ಅಗೆಯಬೇಕು. ಅಗೆದದ್ದನ್ನು ಅಟ್ಟದ ಮೇಲೆ ಮೂರು ನಾಲ್ಕು ವಾರ ಮರೆತುಬಿಡಬೇಕು. ಹೆಚ್ಚುವಾಗ ಗಡ್ಡೆಯೂ ಒಣಗಿರಬೇಕು, ಕೈಯೂ ಒಣಗಿರಬೇಕು; ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಬೇಕು. ಸಿಪ್ಪೆ ತೆಳ್ಳಗೆ ತೆಗೆಯುವ ಜಿಪುಣತನ ಇಲ್ಲಿ ನಡೆಯದು, ಅರ್ಧ ಬೆರಳು ದಪ್ಪ ಹೋಗಲಿ. ತುಂಡುಗಳನ್ನು ಹುಣಸೆನೀರಿನಲ್ಲಿ ನೆನೆಹಾಕಿ, ಆ ನೀರು ಚೆಲ್ಲಿ, ಮತ್ತೆ ಹೊಸ ಹುಣಸೆನೀರು, ಉಪ್ಪು, ಚಿಟಿಕೆ ಅರಿಶಿನದಲ್ಲಿ ಬೇಯಿಸಿ, ಅದನ್ನೂ ಬಸಿದು ಚೆಲ್ಲಬೇಕು. ಹುಣಸೆ ಇಲ್ಲದಿದ್ದರೆ ಮುರುಗಲ ಸಿಪ್ಪೆ, ಅದೂ ಇಲ್ಲದಿದ್ದರೆ ಹುಳಿಮಜ್ಜಿಗೆ. "ಹುಳಿ ಕಂಡರೆ ಅದಕ್ಕೆ ಗಂಡನ್ನ ಕಂಡಷ್ಟು ಹೆದರಿಕೆ" ಎಂದಳು ಮುದುಕಿ. ಅವಳ ಗಂಡ ಎಂಥವನಿದ್ದನೋ.

ಮುಂದಿನದು ನನ್ನ ಸ್ವಂತದ್ದು, ಹಲವು ವರ್ಷ ಸುಟ್ಟು ಸೀಯಿಸಿ ಕಲಿತದ್ದು. ಚೂರಿ ಒಳಗೆ ಹೋಗಬೇಕು, ತುಂಡು ಒಡೆಯಬಾರದು, ಅಲ್ಲಿಗೆ ಬೆಂದದ್ದು ಸಾಕು. ಬಸಿದ ಹೋಳುಗಳನ್ನು ಮೊರದ ಮೇಲೆ ಬಟ್ಟೆ ಹಾಸಿ ಹರಡಿ ಹಬೆಯಾರಲು ಬಿಡಬೇಕು; ನೀರಿನ ಪಸೆ ಇದ್ದರೆ ಬಾಣಲೆಯಲ್ಲಿ ಅದು ಹುರಿಯುವುದಿಲ್ಲ, ಮತ್ತೊಮ್ಮೆ ಬೇಯುತ್ತದೆ ಅಷ್ಟೆ. ಬೆಣ್ಣೆಯಲ್ಲೇ ಸುಮಾರು ಆರರಲ್ಲೊಂದು ಪಾಲು ನೀರಿರುತ್ತದೆ. ಸಣ್ಣ ಉರಿಯಲ್ಲಿ ಕರಗಿಸಿದರೆ ಮೊದಲು ನೊರೆಯೆದ್ದು ಚಟಪಟ ಗಲಾಟೆ ಮಾಡುವುದು ಆ ನೀರೇ. ಗಲಾಟೆ ಇಳಿಯುವ ತನಕ ಸುಮ್ಮನೆ ನಿಂತಿರಬೇಕು. ಸದ್ದು ಅಡಗಿ, ತಳದಲ್ಲಿ ಕೆಂಪು ಚುಕ್ಕೆಗಳು ಕಾಣಿಸಿಕೊಂಡು, ತುಪ್ಪ ಕಾಯಿಸುವ ದಿನದ ವಾಸನೆ ಬಂತೆನ್ನುವ ಕ್ಷಣ ಒಂದಿದೆ. ಜೀರಿಗೆಗೂ ಕರಿಬೇವಿಗೂ ಅದೇ ಮುಹೂರ್ತ. ಇನ್ನೂ ಅರೆಗಳಿಗೆ ತಡೆದಿರೋ ಆ ಚುಕ್ಕೆಗಳು ಕರಕಲಾಗಿ ಎಲ್ಲವೂ ಕಹಿ. ಕರಿಬೇವಿನ ಎಲೆ ಗರಿಗರಿಯಾದೊಡನೆ ಹೋಳುಗಳನ್ನು ಒಂದರ ಮೇಲೊಂದು ಬೀಳದ ಹಾಗೆ ಹರಡಿ, ಆಮೇಲೆ ಕೈ ಕಟ್ಟಿ ಕೂರಬೇಕು. ಸಟ್ಟುಗವನ್ನು ಕೈಗೆ ಸಿಗದ ಹಾಗೆ ಇಡುವುದೇ ಒಳ್ಳೆಯದು. ಒಂದು ಮಗ್ಗುಲು ಹೊಂಬಣ್ಣದ ಹೊಕ್ಕಳೆ ಕಟ್ಟಿದ ಮೇಲೆ ತಿರುವಿಹಾಕುವುದು. ದೊಡ್ಡಪತ್ರೆಯನ್ನು ಉರಿ ಆರಿಸಿದ ಮೇಲೆಯೇ ಹರಿದು ಹಾಕಬೇಕು. ಅದರ ಓಮದ ವಾಸನೆ ಬಲು ಚಂಚಲ, ಬಿಸಿ ತಾಗಿದಷ್ಟೂ ಅಟ್ಟ ಹತ್ತಿ ಹೋಗಿಬಿಡುತ್ತದೆ. ಈಚೆಗೆ ಕೊತ್ತಂಬರಿಯ ಬದಲು ಹಿತ್ತಿಲ ಕಾಡುಕೊತ್ತಂಬರಿಯ ಗರಗಸದಂಥ ಎಲೆಯನ್ನು ಸಣ್ಣಗೆ ಹೆಚ್ಚಿ ಹಾಕುತ್ತೇನೆ. ಹೆಚ್ಚಾದರೆ ತಿಗಣೆಯ ನೆನಪು ಬರುತ್ತದೆ, ಒಂದೆಲೆ ಸಾಕು.

ಮಾವ ಇದಕ್ಕೆ 'ದಾವಣಗೆರೆ ಪಲ್ಯ' ಎಂದು ಹೆಸರಿಟ್ಟರು. ದಾವಣಗೆರೆಯಲ್ಲಿ ಯಾರೂ ಇದನ್ನು ಕಂಡವರಿಲ್ಲ! ಅವರು ಮಾತು ಕಡಿಮೆಯವರು. ಹದಿನೈದು ದಿನ ಕಳೆಯಿತೆಂದರೆ ಅಟ್ಟದಿಂದ ಗಡ್ಡೆಯೊಂದನ್ನು ತಾವೇ ಇಳಿಸಿ ಒರೆಸಿ ಅಡಿಗೆಮನೆಯ ಹೊಸ್ತಿಲ ಮೇಲಿಟ್ಟು ಹೋಗುವರು, ಅದೇ ಸೂಚನೆ. ಅತ್ತೆ ಒಂದು ಉಂಡೆ ಬೆಣ್ಣೆ ಅಳೆದು ಕೊಡುವರು, "ತುಪ್ಪಕ್ಕೆ ಕಡಿಮೆ ಬಿತ್ತು" ಎಂದು ಗೊಣಗುವರು, ತಮ್ಮ ಎಲೆಗೆ ಮಾತ್ರ ಎರಡು ಸಲ ಬಡಿಸಿಕೊಳ್ಳುವರು. ಹೀಗೆ ಹದಿನೈದು ವರ್ಷ ನಡೆಯಿತು.

1994ರ ಆಗಸ್ಟಿನ ಒಂದು ರಾತ್ರಿ, ಜಡಿಮಳೆಯಲ್ಲಿ, ಮಾವನಿಗೆ ಎದೆನೋವು ಬಂತು. ಬಾಡಿಗೆ ಕಾರು ಹುಡುಕಿ ಶಿವಮೊಗ್ಗಕ್ಕೆ ಮುಟ್ಟುವಷ್ಟರಲ್ಲಿ ಬೆಳಗಾಗಿತ್ತು. ಬದುಕಿದರು. ಮನೆಗೆ ಕಳಿಸುವಾಗ ವೈದ್ಯರು ಚೀಟಿಯ ಹಿಂದೆ ಬರೆದುಕೊಟ್ಟರು: ಬೆಣ್ಣೆ ಇಲ್ಲ, ತುಪ್ಪ ಇಲ್ಲ, ತೆಂಗಿನಕಾಯಿ ಇಲ್ಲ, ಕರಿದದ್ದಿಲ್ಲ. ಮಲೆನಾಡಿನ ಮನೆಯಲ್ಲಿ ಇವಿಷ್ಟನ್ನು ತೆಗೆದರೆ ಉಳಿಯುವುದು ಅನ್ನ ಮತ್ತು ಮಳೆ. "ಬೀಡಿ, ಸಿಗರೇಟು ಇದೆಯೇ?" ಎಂದು ಕೇಳಿದರು. ಇಲ್ಲವೆಂದೆವು. ಅದು ನಿಜವೂ ಆಗಿತ್ತು.

ಆ ಚೀಟಿಯನ್ನು ನಾನು ದೇವರ ಪಟದ ಪಕ್ಕದ ಮೊಳೆಗೆ ಚುಚ್ಚಿದೆ. ಓದಿದ ಸೊಸೆ ನಾನು. ಮಾವನ ಜೀವ ನನ್ನ ಸಟ್ಟುಗದ ತುದಿಯಲ್ಲಿದೆಯೆಂದು ನಂಬಿದೆ. ಪೇಟೆಯಿಂದ ಸೂರ್ಯಕಾಂತಿ ಎಣ್ಣೆಯ ಪೊಟ್ಟಣಗಳು ಬಂದವು. ಡಿಸೆಂಬರಿನಲ್ಲಿ ಎಂದಿನಂತೆ ಹೊಸ್ತಿಲ ಮೇಲೆ ಗಡ್ಡೆ ಬಂದು ಕೂತಿತು. ನೋಡುತ್ತ ನಿಂತೆ. ಇಲ್ಲವೆನ್ನಲು ಬಾಯಿ ಬರಲಿಲ್ಲ. ಎರಡು ಚಮಚ ಎಣ್ಣೆಯಲ್ಲಿ ಅದೇ ಜೀರಿಗೆ, ಅದೇ ಕರಿಬೇವು, ದೊಡ್ಡಪತ್ರೆಯನ್ನು ಮಾಮೂಲಿಗಿಂತ ಹೆಚ್ಚು ಹಾಕಿ, ಪರಿಮಳದ ಮರೆಯಲ್ಲಿ ಮೋಸ ಮುಚ್ಚಿ ಬಡಿಸಿದೆ. ಬಣ್ಣ ಸರಿಯಾಗಿಯೇ ಬಂದಿತ್ತು. ಮಾವ ಮೊದಲ ತುತ್ತು ಬಾಯಿಗಿಟ್ಟು, ಅಗಿದು, ನುಂಗಿ, ತಲೆಯೆತ್ತದೆ ಕೇಳಿದರು:

"ಏನಮ್ಮಾ, ಹಸು ಬತ್ತಿದೆಯಾ?"

"ಹೌದು ಮಾವಯ್ಯ, ಬತ್ತಿದೆ" ಎಂದೆ.

ಹಸು ಆಗ ಹೊತ್ತಿಗೆ ಎರಡು ಸೇರು ಕೊಡುತ್ತಿತ್ತು. ಸಂಜೆ ಕರೆಯುವ ಹೊತ್ತಿಗೆ ಕರು ಹಿಡಿದುಕೊಳ್ಳುತ್ತಿದ್ದವರು ಸ್ವತಃ ಮಾವ. ಅವರು ಮತ್ತೆ ಕೇಳಲಿಲ್ಲ, ಪಲ್ಯ ಉಳಿಸಲೂ ಇಲ್ಲ. ಆಮೇಲೂ ಹದಿನೈದು ದಿನಕ್ಕೊಮ್ಮೆ ಗಡ್ಡೆ ಹೊಸ್ತಿಲಿಗೆ ಬರುತ್ತಲೇ ಇತ್ತು. ಕೆಲವು ಸಲ ಮಾತ್ರ, ಕೈ ತೊಳೆದು ಹೋಗುವಾಗ, "ಹಸು ಇನ್ನೂ ಕರು ಹಾಕಲಿಲ್ಲವೇನೋ" ಎನ್ನುವರು. ನಾನು ಪಾತ್ರೆ ತಿಕ್ಕುವುದರಲ್ಲಿ ಮುಳುಗಿದಂತೆ ಇರುವೆ. ಹದಿಮೂರು ತಿಂಗಳು ನಮ್ಮಿಬ್ಬರ ನಡುವೆ ಆ ಹಸು ಬತ್ತಿಯೇ ಇತ್ತು. ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಾಜೂಕಾಗಿ ನಾನೊಂದು ಜೀವ ಉಳಿಸುತ್ತಿದ್ದೇನೆಂಬ ಹೆಮ್ಮೆಯೂ ನನಗಿತ್ತು, ಸುಳ್ಳು ಯಾಕೆ ಹೇಳಲಿ.

1996ರ ಜನವರಿಯಲ್ಲಿ, ಕೊನೆಕೊಯ್ಲು ಮುಗಿಯುವ ಮುಂಚೆ, ಅಂಗಳದಲ್ಲಿ ಅಡಿಕೆ ಹರಡುತ್ತಿದ್ದ ಹಾಗೆಯೇ ಕುಸಿದರು. ಶಿವಮೊಗ್ಗದ ದಾರಿ ಹಿಡಿಯಬೇಕಾಗಿ ಬರಲಿಲ್ಲ.

ವರ್ಷಾಂತಿಕಕ್ಕೆ ಅಡಿಗೆ ನನ್ನದೇ. ನಮ್ಮಲ್ಲಿ ಶ್ರಾದ್ಧಕ್ಕೆ ಆಲೂಗಡ್ಡೆ ನಡೆಯದು, ಟೊಮೆಟೊ ನಡೆಯದು, ಕಡಲು ದಾಟಿ ಬಂದವುಗಳಿಗೆ ಪಿತೃಗಳ ಎಲೆಯ ಮೇಲೆ ಜಾಗವಿಲ್ಲ. ಸುವರ್ಣಗಡ್ಡೆಗೆ ಇದೆ. ಹಸಿಮೆಣಸಿನ ಬದಲು ಕಾಳುಮೆಣಸು ಕುಟ್ಟಿಕೊಂಡೆ. ಮಡಿಯಲ್ಲಿ ಒಲೆಯ ಮುಂದೆ ಕೂತು ಮರಿಗೆಗೆ ಕೈಹಾಕಿದವಳು ಒಂದಲ್ಲ, ಮೂರು ಉಂಡೆ ತೆಗೆದೆ. ಬೆಣ್ಣೆ ನೊರೆಯೆದ್ದು ಗಲಾಟೆ ಮಾಡಿತು. ಅದು ಅಡಗುವುದನ್ನು ಕಾಯುತ್ತ ಕೂತಿದ್ದಾಗ ನನಗೆ ತಡೆಯಲಾಗಲಿಲ್ಲ. ಕಣ್ಣೀರು ಹೊಗೆಗೆ ಬಂತೆನ್ನುವ ಅನುಕೂಲ ಸೌದೆ ಒಲೆಯಲ್ಲಿ ಉಂಟು. ಅತ್ತೆ ಹಿಂದೆ ಬಂದು ನಿಂತಿದ್ದು ತಿಳಿಯಲಿಲ್ಲ.

"ಅಷ್ಟೊಂದು ಯಾಕೆ ಹಾಕ್ತೀಯೆ?"

"ಹದಿನೇಳು ತಿಂಗಳು ಕೊಟ್ಟಿರಲಿಲ್ಲ ಅತ್ತೆ" ಎಂದೆ.

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಹಾಲಿನ ಲೆಕ್ಕ ಹೇಳುವ ದನಿಯಲ್ಲಿ ಹೇಳಿದರು: "ನಾನು ಕೊಡ್ತಿದ್ದೆ. ಕಡೆದ ದಿನ ಒಂದು ಅಡಿಕೆ ಗಾತ್ರ. ನೀನು ಸ್ನಾನಕ್ಕೆ ಹೋದಾಗ, ಕೊಟ್ಟಿಗೆಯಲ್ಲಿ."

ಕರಿಬೇವು ಹಾಕುವ ಮುಹೂರ್ತ ತಪ್ಪಿತು. ತಳ ಕಪ್ಪಾಯಿತು. ಆ ಬೆಣ್ಣೆಯನ್ನು ಚೆಲ್ಲಿ, ಬಾಣಲೆ ತಿಕ್ಕಿ, ಮತ್ತೆ ಮೊದಲಿನಿಂದ ಶುರುಮಾಡಿದೆ.

ನಾಲ್ಕು ದಿನ ನಾನು ಅತ್ತೆಯ ಜೊತೆ ಮಾತಾಡಲಿಲ್ಲ. ಮೊದಲು ಬಂದದ್ದು ಸಿಟ್ಟು. ದಿನ ಬಿಟ್ಟು ದಿನವೆಂದರೆ 17 ತಿಂಗಳಿಗೆ ಸುಮಾರು 250 ಅಡಿಕೆ ಗಾತ್ರದ ಬೆಣ್ಣೆ, ನನ್ನ ಬೆನ್ನ ಹಿಂದೆ! ಮೊಳೆಗೆ ಚುಚ್ಚಿದ ಚೀಟಿಯ ಕೆಳಗೇ! ನೀವೇ ಕೊಂದಿರಿ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದನ್ನು ನುಂಗಿದೆನಲ್ಲ, ಆ ಒಂದು ಕೆಲಸಕ್ಕೆ ನನಗೆ ನಾನೇ ಇವತ್ತಿಗೂ ಶಹಬ್ಬಾಸ್ ಹೇಳಿಕೊಳ್ಳುತ್ತೇನೆ. ಸಿಟ್ಟು ಇಳಿದ ಮೇಲೆ ನಾಚಿಕೆಯಾಯಿತು. ಬೆಳಿಗ್ಗೆ ಕೊಟ್ಟಿಗೆಯಲ್ಲಿ ಬೆಣ್ಣೆ ನೆಕ್ಕಿ ಬಂದ ಮನುಷ್ಯ, ಮಧ್ಯಾಹ್ನ ನನ್ನ ಎಣ್ಣೆಯ ಪಲ್ಯದ ಮುಂದೆ ಕೂತು ಹಸು ಬತ್ತಿದೆಯಾ ಎಂದು ಯಾಕೆ ಕೇಳಿದರು? ನನ್ನನ್ನು ಹಾಸ್ಯ ಮಾಡಿದರೆ? ಸುಳ್ಳಿಗೊಂದು ಸುಲಭದ ದಾರಿ ಮಾಡಿಕೊಟ್ಟರೆ? ಅಥವಾ ನಿಜವಾಗಿಯೂ ಗಡ್ಡೆಯ ಜೊತೆಗಿನ ಬೆಣ್ಣೆಯೇ ಅವರಿಗೆ ಬೇಕಾಗಿತ್ತೇ, ಅಂಗೈಯ ಮೇಲಿನದು ಅದಕ್ಕೆ ಸಮವಾಗಿರಲಿಲ್ಲವೇ? ಅತ್ತೆಯನ್ನು ಒಮ್ಮೆ ಕೇಳಿದೆ. "ನನಗೇನು ಗೊತ್ತು, ಅವರು ನನ್ನ ಹತ್ತಿರ ಮಾತಾಡಿದ್ದೇ ಯಾವಾಗ" ಎಂದರು. 2009ರಲ್ಲಿ ಅವರೂ ಹೋದರು.

ನನ್ನ ತಂಗಿಯ ಮಗ ಈಗ ವೈದ್ಯ. ಒಮ್ಮೆ ರಜೆಗೆ ಬಂದಿದ್ದಾಗ ಈ ಕತೆಯೆಲ್ಲ ಅವನಿಗೆ ಹೇಳಿದೆ, ಒಬ್ಬರಿಗಾದರೂ ಹೇಳಿ ತೀರ್ಪು ಕೇಳಬೇಕೆಂದು. ಅವನು ಬೆಣ್ಣೆಯ ಮಾತು ಪೂರ್ತಿ ಕೇಳಿಸಿಕೊಂಡ. ಹೃದಯದ ಕಾಯಿಲೆಯವರು ಬೆಣ್ಣೆ ತುಪ್ಪ ಮಿತ ಮಾಡಬೇಕೆಂಬುದು ಈಗಲೂ ನಿಜವೇ, ಆದರೆ ಒಬ್ಬ ಮನುಷ್ಯ ಆ ಅಡಿಕೆ ಗಾತ್ರದಿಂದಲೇ ಹೋದನೆಂದು ಯಾರೂ ಹೇಳಲಾರರು ಎಂದ. ಆಮೇಲೆ ಕೇಳಿದ: "ಅಜ್ಜ ಕವಳಕ್ಕೆ ಹೊಗೆಸೊಪ್ಪು ಹಾಕುತ್ತಿದ್ದರೆ?"

ಹಾಕುತ್ತಿದ್ದರು. ದಿನಕ್ಕೆ ಹತ್ತು ಕವಳ, ಕೊನೆಯ ದಿನದವರೆಗೂ. ಚೀಟಿಯಲ್ಲಿ ಅದಿರಲಿಲ್ಲ. ಬೀಡಿ ಇದೆಯೇ ಎಂದು ಕೇಳಿದ್ದರು, ಕವಳ ಇದೆಯೇ ಎಂದು ಕೇಳಿರಲಿಲ್ಲ. ಹೇಳಬೇಕೆಂದು ನಮಗೂ ಹೊಳೆಯಲಿಲ್ಲ. ಹರಿವಾಣ ತೊಳೆದು, ಹೊಗೆಸೊಪ್ಪು ಹರಿದಿಟ್ಟು, ಸುಣ್ಣದ ಡಬ್ಬಿ ತುಂಬಿ ಅವರ ಕೈಗೆ ಕೊಡುತ್ತಿದ್ದವಳು ಓದಿದ ಸೊಸೆಯಾದ ನಾನೇ. ಅವನು ಅದನ್ನು ಗಮನಿಸಿದನೋ ಏನೋ, ಮಾತು ತಿರುಗಿಸಿ ಪಲ್ಯ ಇನ್ನೂ ಇದೆಯೇ ಎಂದು ಕೇಳಿದ.

ಈಗ ನಮ್ಮ ಹಿತ್ತಿಲಲ್ಲಿರುವುದು ಹಳೆಯ ನಾಟಿ ಗಡ್ಡೆಯಲ್ಲ. ನಮ್ಮವರು ಎಲ್ಲಿಂದಲೋ 'ಗಜೇಂದ್ರ' ತಳಿಯ ಬೀಜದ ಗಡ್ಡೆ ತಂದು ನೆಟ್ಟರು. ಆಂಧ್ರದ ಕೊವ್ವೂರಿನ ಸಂಶೋಧನಾ ಕೇಂದ್ರದಲ್ಲಿ ಆರಿಸಿದ್ದು, ತುರಿಕೆ ಇಲ್ಲವೆನ್ನುವಷ್ಟು ಕಡಿಮೆ, ಮೈಯೂ ನುಣುಪು. ಒದ್ದೆ ಕೈಯಲ್ಲಿ ಹೆಚ್ಚಿದರೂ ಏನಾಗದು. ರುಚಿಯಲ್ಲಿ ಹಳೆಯದೇ ಮೇಲು ಎಂದು ಬರೆಯಬೇಕೆಂದು ಕೈ ತುರಿಸುತ್ತದೆ, ಆದರೆ ಹಾಗೇನೂ ಇಲ್ಲ, ಚೆನ್ನಾಗಿಯೇ ಇದೆ. ಆದರೂ ನಾನು ಹುಣಸೆನೀರು ಎರಡು ಸಲ ಬಿಟ್ಟಿಲ್ಲ. ಬೆಣ್ಣೆ ಪೇಟೆಯದು. ಅದು ಹಳದಿ, ಉಪ್ಪು ಬೆರೆತದ್ದು. ಹೋಳು ಬೇಯಿಸುವಾಗ ಉಪ್ಪು ಕಡಿಮೆ ಮಾಡಬೇಕೆಂದು ಎರಡು ಸಲ ಕೆಡಿಸಿ ಕಲಿತೆ. ನನಗೂ ಈಗ ಮಾತ್ರೆಗಳಿವೆ, ಹದಿನೈದು ದಿನ ತಿಂಗಳಾಗಿದೆ, ಒಂದು ಉಂಡೆ ಒಂದು ಚಮಚವಾಗಿದೆ. ಎಣ್ಣೆಯಲ್ಲಿ ಮಾತ್ರ ಮತ್ತೆ ಮಾಡಿಲ್ಲ. ಬೆಣ್ಣೆ ಇಲ್ಲದ ದಿನ ಹುಳಿಗೆ ಹಾಕಿಬಿಡುತ್ತೇನೆ.

ನಿನ್ನೆ ಒಂದು ಅಗೆದೆವು, ಆರು ಕಿಲೋ ತೂಗಿತು. ಅಡಿಗೆಗೆ ಬೇಕಾದಷ್ಟು ಕೊಯ್ದು, ನಡುವಿನ ಮೊಳಕೆಯ ಕಣ್ಣಿರುವ ಭಾಗವನ್ನು ಮುಂದಿನ ಬೆಳೆಗೆ ತೆಗೆದಿಟ್ಟಿದ್ದೇನೆ. ಹಾಗೇ ಇಟ್ಟರೆ ಕೊಳೆಯುತ್ತದೆ. ಸಗಣಿ ನೀರಿನಲ್ಲಿ ಅದ್ದಿ ನೆರಳಲ್ಲಿ ಒಣಗಿಸಬೇಕು. ನಮ್ಮ ಕೊಟ್ಟಿಗೆಯಲ್ಲಿ ಈಗ ಹಸುವಿಲ್ಲ, ಸೌದೆ ಪೇರಿಸಿದ್ದೇವೆ. ಕೆಳಗಿನ ಮನೆಯವರ ಹತ್ತಿರ ಒಂದು ಬುಟ್ಟಿ ಸಗಣಿ ಕೇಳಿದ್ದೇನೆ. ಸಂಜೆ ಹಾಲು ಕರೆಯುವ ಹೊತ್ತಿಗೆ ಬನ್ನಿ ಎಂದಿದ್ದಾರೆ.